ಹೊರಗಿನ ಬೆಂಚಿನಲ್ಲಿ ಕೂತಿದ್ದ ಅಜ್ಜಿ

ಕಾಸರಗೋಡಿನಲ್ಲಿ ಮಕ್ಕಳ ಮನೋವೈದ್ಯಳಾಗಿ ಕೆಲಸಕ್ಕೆ ತೊಡಗಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ನೋಡುವ ಕುಟುಂಬ ಚಿಕಿತ್ಸೆಯತ್ತ ನನ್ನನ್ನು ತಿರುಗಿಸಿದ್ದು ಆ ತಪ್ಪೇ. ಮನೆಯವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬದಿಯಡ್ಕದ ಕಡೆಯಿಂದ ಏಳು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಮನೆಯಲ್ಲಿ ಮಾತಾಡುತ್ತಾಳೆ, ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಅಷ್ಟೆ. ಇದು ಹಠವಲ್ಲ, ಸೆಲೆಕ್ಟಿವ್ ಮ್ಯೂಟಿಸಂ ಎಂಬ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಇದನ್ನು ಆತಂಕದ ಕಾಯಿಲೆಗಳ ಗುಂಪಿಗೆ ಸೇರಿಸಿತು. ತರಗತಿಯ ಭಾಷೆ ಬಾರದೆ ಸುಮ್ಮನಿರುವ ಮಗುವಿಗೆ ಈ ಕಾಯಿಲೆಯ ಹೆಸರು ಹಚ್ಚಬಾರದು ಎಂಬ ಎಚ್ಚರಿಕೆಯೂ ಅದರಲ್ಲಿದೆ. ನಮ್ಮ ಗಡಿನಾಡಿನಲ್ಲಿ ಆ ಒಂದು ಸಾಲಿಗೆ ಬಹಳ ಬೆಲೆಯಿದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರು ಪಾಠ ಮಾಡಲು ಬಂದಾಗ, ಅವರ ಮಾತು ತಿಳಿಯದೆ ಮೌನವಾಗುವ ಮಕ್ಕಳಿಗೆ ಬೇಕಾದದ್ದು ವೈದ್ಯರಲ್ಲ, ಕನ್ನಡ ಬಲ್ಲ ಅಧ್ಯಾಪಕರು. ಈ ಹುಡುಗಿಗೆ ಮಾತ್ರ ಕನ್ನಡವೂ ಮಲಯಾಳವೂ ಸಲೀಸು.

ನಾಲ್ಕು ಭೇಟಿಗಳಲ್ಲಿ ತಾಯಿ ಮಗುವನ್ನಷ್ಟೇ ಕೂರಿಸಿಕೊಂಡು ಮೊದಲು ಸನ್ನೆ, ಆಮೇಲೆ ಪಿಸುಮಾತು, ಆಮೇಲೆ ಒಂದು ಪದ ಎಂದು ಹಂತ ಹಂತವಾಗಿ ಅಭ್ಯಾಸ ಮಾಡಿಸಿದೆ. ನನ್ನ ಕೋಣೆಯಲ್ಲಿ ಬಂದ ಮಾತು ಶಾಲೆಯ ಗೇಟು ದಾಟಲಿಲ್ಲ. ಹೊರಗಿನ ಬೆಂಚಿನಲ್ಲಿ ಪ್ರತಿ ಸಲವೂ ಅಜ್ಜಿ, ತಂದೆಯ ತಾಯಿ, ಕೊಡೆ ಹಿಡಿದು ಕೂತಿರುತ್ತಿದ್ದರು. ಎರಡು ಬಸ್ಸು ಬದಲಿಸಿ ಬರುತ್ತಿದ್ದ ಅವರನ್ನು ನಾನು ಒಮ್ಮೆಯೂ ಒಳಗೆ ಕರೆದಿರಲಿಲ್ಲ.

ಐದನೆಯ ಸಲ ಮಳೆಯ ಎರಚಲಿಗೆ ಬೆಂಚು ಒದ್ದೆಯಾಗಿ, ಅಜ್ಜಿ ಒಳಗೆ ಬಂದರು. ಹುಡುಗಿ ಎದ್ದು ತನ್ನ ಕುರ್ಚಿಯನ್ನು ಎಳೆದು ಇಬ್ಬರ ನಡುವೆ ಇಟ್ಟಳು. "ಎಷ್ಟು ಸಲ ಹೇಳುವುದು, ನಾಳೆಯಾದರೂ ನನ್ನ ಬಿ.ಪಿ. ಮಾತ್ರೆ ತರಲಿಕ್ಕೆ ಹೇಳು ನಿನ್ನಮ್ಮನಿಗೆ" ಎಂದರು ಅಜ್ಜಿ. ಹುಡುಗಿ ಮಲಯಾಳದಲ್ಲಿ ತಾಯಿಗೆ ಹೇಳಿದ್ದು ಇಷ್ಟೇ: ಅಜ್ಜಿಯ ಮಾತ್ರೆ ಮುಗಿದಿದೆ. ಮಾತಿನ ಮುಳ್ಳನ್ನೆಲ್ಲ ತೆಗೆದು ಹಾಕಿದ್ದಳು. ಪಯ್ಯನ್ನೂರಿನ ಕಡೆಯ ಆ ತಾಯಿಗೆ ಅತ್ತೆಯ ಕನ್ನಡ ಅರ್ಥವಾಗಿತ್ತು, ಮುಖವೇ ಹೇಳುತ್ತಿತ್ತು. ಉತ್ತರ ಕೂಡ ಮಗುವಿನ ಬಾಯಿಂದಲೇ ಬಂತು. ಗಂಡ ದುಬೈಯಲ್ಲಿ. ಮನೆಯಲ್ಲಿ ಮಾತೆಲ್ಲ ಈ ಮಗುವಿನ ಮೂಲಕವೇ ಓಡಾಡುತ್ತಿತ್ತು.

ಇಬ್ಬರು ತಮ್ಮ ನಡುವಿನ ಬಿಗುವನ್ನು ತಾಳಲಾರದೆ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಕುಟುಂಬ ಚಿಕಿತ್ಸೆಯ ಹಿರಿಯರಲ್ಲೊಬ್ಬರಾದ ಮರ್ರೆ ಬೋವೆನ್ ತ್ರಿಕೋನ ಎಂದು ಕರೆದರು. ಅದೇ ಕ್ಷೇತ್ರದ ಇನ್ನೊಬ್ಬ ಹಿರಿಯ ಸಾಲ್ವಡೋರ್ ಮಿನೂಚಿನ್ ಚಿಕಿತ್ಸೆಯ ಹೊತ್ತಿನಲ್ಲಿ ಮನೆಯವರು ಕೂತ ಜಾಗವನ್ನೇ ಅದಲು ಬದಲು ಮಾಡಿಸುತ್ತಿದ್ದರು. ಇವನ್ನೆಲ್ಲ ಪರೀಕ್ಷೆಗೆಂದು ಓದಿ ಬರೆದಿದ್ದ ನಾನು ಆ ದಿನ ಮೊದಲ ಬಾರಿಗೆ ಹುಡುಗಿಯ ಕುರ್ಚಿಯನ್ನು ನನ್ನ ಪಕ್ಕಕ್ಕೆ ಸರಿಸಿದೆ. "ಈಗ ಸೊಸೆಗೇ ಹೇಳಿ ಅಮ್ಮ" ಎಂದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗಿ ಬಾಯಿ ತೆರೆದಳು, ನಾನು ಅವಳ ಕೈ ಹಿಡಿದುಕೊಂಡೆ. ಕೊನೆಗೆ ತಾಯಿಯೇ ತಡವರಿಸುತ್ತ ಕನ್ನಡದಲ್ಲಿ, "ನಾಳೆ ತರುತ್ತೇನೆ ಅತ್ತೆ" ಎಂದರು.

ಮಗುವಿನ ಮೌನಕ್ಕೆ ಮನೆಯವರೇ ಕಾರಣ ಎಂದು ನಾನು ಹೇಳುವುದಿಲ್ಲ. ಅಳುಕು ಅವಳ ಸ್ವಭಾವದಲ್ಲೇ ಇತ್ತು, ಶಾಲೆಯಲ್ಲಿ ಅಭ್ಯಾಸವನ್ನೂ ಮುಂದುವರಿಸಿದೆವು. ಆದರೆ ಮಾತು ಹೊರುವ ಕೆಲಸ ತಪ್ಪಿದ ಮೇಲೆಯೇ ಅವಳು ಪಕ್ಕದ ಹುಡುಗಿಯ ಕಿವಿಯಲ್ಲಿ ಏನೋ ಉಸುರಿದ್ದು, ಆಮೇಲೆ ಹಾಜರಿಗೆ ದನಿ ಕೊಟ್ಟದ್ದು.

ಈಗ ಹೊಸಬರು ಬಂದಾಗ ನಾನೇ ಬಾಗಿಲಿಗೆ ಹೋಗಿ ಬೆಂಚಿನಲ್ಲಿ ಯಾರಿದ್ದಾರೆಂದು ನೋಡುತ್ತೇನೆ. ಕೆಲವರು ಒಳಗೆ ಬರಲು ಒಪ್ಪುವುದಿಲ್ಲ. ಅವರಿಗಾಗಿ ಒಂದು ಕುರ್ಚಿ ಖಾಲಿ ಇಡುತ್ತೇನೆ.

ಆ ಹುಡುಗಿಯ ಮನೆಯವರು ಆ ಮಳೆಗಾಲದ ನಂತರದ ಬೇಸಿಗೆಯಲ್ಲಿ ಕೊನೆಯ ಸಲ ಬಂದಿದ್ದರು. ಹಲಸಿನ ಹಪ್ಪಳಕ್ಕೆ ಎಷ್ಟು ಖಾರ ಹಾಕಬೇಕೆಂದು ಅತ್ತೆ ಸೊಸೆ ದನಿಯೇರಿಸಿ ವಾದಿಸುತ್ತಿದ್ದರು. ಹುಡುಗಿ ಕಿಟಕಿಯ ಬಳಿ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಿಯೂ ನೋಡಲಿಲ್ಲ.