ಎಂಜಿಬಿ ಕ್ಲಚ್: ಎಂಜಿನ್ ಇಳಿಸುವ ಮೊದಲು ಪಿನ್ ನೋಡಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಇಳಿಸಲಾಗದು. ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಎಂಜಿನ್ ಹೊರಗೆ ಬರಲೇಬೇಕು. ಆದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ (ಪೆಡಲ್ ಒತ್ತಿದರೂ ಎಂಜಿನ್, ಗೇರ್‌ಬಾಕ್ಸ್ ಬೇರೆಯಾಗುತ್ತಿಲ್ಲ) ಎಂದಾಗ ಬಹಳ ಸಲ ದೋಷ ಇರುವುದು ಪ್ಲೇಟಿನಲ್ಲಲ್ಲ, ಪೆಡಲ್‌ನಿಂದ ಕ್ಲಚ್ ಬಿಡಿಸುವ ಫೋರ್ಕ್‌ವರೆಗಿನ ದಾರಿಯಲ್ಲಿ.

ಎಂಜಿನ್ ಐಡಲ್‌ನಲ್ಲಿರುವಾಗ ಪೆಡಲ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ. ಫಸ್ಟ್ ಗೇರ್‌ನ ಸದ್ದನ್ನು ನಂಬಬೇಡಿ: 1967ರವರೆಗಿನ ಗೇರ್‌ಬಾಕ್ಸ್‌ನಲ್ಲಿ ಅದಕ್ಕೆ ಸಿಂಕ್ರೊ (ಗೇರ್‌ಗಳ ವೇಗ ಹೊಂದಿಸುವ ಭಾಗ) ಇಲ್ಲ.

ಎಂಜಿಬಿಯ ಕ್ಲಚ್‌ನಲ್ಲಿ ಅಡ್ಜಸ್ಟ್ ಮಾಡುವ ನಟ್ಟೇ ಇಲ್ಲ. ಜಾಗ್ವಾರ್ ಇ-ಟೈಪ್‌ನ ಮೊದಲ ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್‌ನ (ಫ್ಲೂಯಿಡ್ ಒತ್ತಡದಿಂದ ಫೋರ್ಕನ್ನು ತಳ್ಳುವ ಕೆಳಗಿನ ಸಿಲಿಂಡರ್) ಪುಶ್‌ರಾಡ್ ತಿರುಗಿಸಿ ಸುಮಾರು 1.6 ಮಿ.ಮೀ. ಪ್ಲೇ (ಸಡಿಲ) ಇಡುತ್ತಾರೆ. ಎಂಜಿಬಿಯಲ್ಲಿ ಪ್ಲೇಟ್ ಸವೆದಂತೆಲ್ಲ ಸ್ಲೇವ್ ಪಿಸ್ಟನ್ ತಾನಾಗಿ ಒಳಕ್ಕೆ ಸರಿದು ಹೊಂದಿಕೊಳ್ಳುತ್ತದೆ. ಉದ್ದನೆಯ ಪುಶ್‌ರಾಡ್ ಹಾಕಿದರೂ ಪ್ರಯೋಜನವಿಲ್ಲ; ಪಿಸ್ಟನ್ ಇನ್ನಷ್ಟು ಒಳಗೆ ಕೂರುತ್ತದೆ, ಚಲನೆ ಮಾತ್ರ ಅಷ್ಟೇ.

ಎಂಜಿನ್ ಆಫ್ ಮಾಡಿ, ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಕೆಳಗೆ ಸ್ಲೇವ್ ಪುಶ್‌ರಾಡ್ ಎಷ್ಟು ಸರಿಯುತ್ತದೆಂದು ಸ್ಕೇಲ್ ಹಿಡಿದು ಅಳೆಯಲಿ. ಸುಮಾರು 12 ಮಿ.ಮೀ. ಬರಬೇಕು. ಕಡಿಮೆ ಬಂದರೆ ಒಳ್ಳೆಯದೇ ಆಯಿತು, ದೋಷ ಹೊರಗಿದೆ.

ಪೆಡಲನ್ನು ಮಾಸ್ಟರ್ ಸಿಲಿಂಡರ್‌ನ (ಫ್ಲೂಯಿಡನ್ನು ಸ್ಲೇವ್‌ಗೆ ತಳ್ಳುವ ಮೇಲಿನ ಸಿಲಿಂಡರ್) ರಾಡ್‌ಗೆ ಜೋಡಿಸುವ ಕ್ಲೆವಿಸ್ ಪಿನ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸವೆದ ಪಿನ್ ನಡುವೆ ಸಣ್ಣಗಾಗಿ, ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿರುತ್ತದೆ. ಪೆಡಲ್‌ನ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಇಲ್ಲಿ 1 ಮಿ.ಮೀ. ಸವೆದರೆ ಪಾದದ ಹತ್ತಿರ ಅದರ ಹಲವು ಪಟ್ಟು ಪೆಡಲ್ ಖಾಲಿ ಹೋಗುತ್ತದೆ, ಮಾಸ್ಟರ್ ಸಿಲಿಂಡರ್‌ಗೆ ಏನೂ ತಲುಪುವುದಿಲ್ಲ. ಬರೀ ಪಿನ್ ಬದಲಿಸುವುದು ಅರ್ಧ ಕೆಲಸ. ತೂತನ್ನು ವೆಲ್ಡ್‌ನಿಂದ ತುಂಬಿಸಿ ಮತ್ತೆ 5/16 ಇಂಚಿಗೆ ಕೊರೆಯಬೇಕು. ಫೋರ್ಕ್ ತುದಿಯ ಪಿನ್ನನ್ನೂ ಹೀಗೆಯೇ ನೋಡಿ. ಗ್ರೀಸ್ ಹಚ್ಚಿ, ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದನ್ನೇ ಹಾಕಿ.

ಪಿನ್ ಸರಿಯಿದ್ದೂ ಚಲನೆ ಸಾಲದಿದ್ದರೆ ಗಾಳಿ ಅಥವಾ ಸೀಲ್. ಎರಡು ಮೂರು ಸಲ ಪಂಪ್ ಮಾಡಿದಾಗ ಸುಧಾರಿಸಿದರೆ ಒಳಗೆ ಗಾಳಿ ಇರಬಹುದು. ಸ್ಲೇವ್‌ನ ರಬ್ಬರ್ ಬೂಟ್ ಸರಿಸಿ ನೋಡಿ. ಒದ್ದೆಯಿದ್ದರೆ ಅದರ ಸೀಲ್ ಹೋಗಿದೆ. ಫ್ಲೂಯಿಡ್ ಪೆಡಲ್ ಮೇಲೆ ಇಳಿದಿದ್ದರೆ ಮಾಸ್ಟರ್ ಸಿಲಿಂಡರ್‌ನ ಸೀಲ್. ಬೋರ್‌ನಲ್ಲಿ ತುಕ್ಕಿನ ಗುಳಿಗಳಿದ್ದರೆ ಹೊಸ ಸೀಲ್ ಕೂಡ ಉಳಿಯದು. ಗಾಳಿ ಮೇಲಕ್ಕೇ ಏರುವುದರಿಂದ, ಸ್ಲೇವ್‌ನ ನಿಪ್ಪಲ್‌ಗೆ ಟ್ಯೂಬ್ ಹಾಕಿ ಸಿರಿಂಜಿನಿಂದ ಡಾಟ್ 4 ಫ್ಲೂಯಿಡನ್ನು ನಿಧಾನವಾಗಿ ಮೇಲಕ್ಕೆ ತಳ್ಳುವುದು ಪೆಡಲ್ ತುಳಿಯುವುದಕ್ಕಿಂತ ಸಲೀಸು. ಮೇಲಿನ ಡಬ್ಬಿಯಿಂದ ಮೊದಲೇ ಸ್ವಲ್ಪ ತೆಗೆದಿಡಿ. ಉಕ್ಕಿ ಚೆಲ್ಲಿದರೆ ಪೇಂಟ್ ಏಳುತ್ತದೆ.

12 ಮಿ.ಮೀ. ಪೂರ್ತಿ ಬಂದೂ ರಿವರ್ಸ್ ಕರಕರ ಎನ್ನುತ್ತಿದ್ದರೆ ಎಂಜಿನ್ ಇಳಿಸಿ. ಆಗ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಕವರ್, ಫೋರ್ಕ್ ತಳ್ಳುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ; ಕ್ರ್ಯಾಂಕ್ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟ್‌ನ ಮೂತಿ ಕೂರುವ ಸ್ಪಿಗಟ್ ಬುಶ್ ಮರೆಯಬೇಡಿ, ಅದು ಹಿಡಿದುಕೊಂಡರೂ ಕ್ಲಚ್ ಬಿಡುವುದಿಲ್ಲ. ಈ ಕಾರಿನ ರಿಲೀಸ್ ಬೇರಿಂಗ್‌ನಲ್ಲಿ ಗುಂಡುಗಳಿಲ್ಲ, ಇರುವುದು ಉಜ್ಜುವ ಕಾರ್ಬನ್ ಉಂಗುರ. ಸಿಗ್ನಲ್‌ನಲ್ಲಿ ಪೆಡಲ್ ಒತ್ತಿಕೊಂಡು ನಿಂತಷ್ಟೂ ಹೊತ್ತು ಅದು ಸವೆಯುತ್ತದೆ. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ.