ಒಂಬತ್ತು ವರ್ಷಕ್ಕೆ ಏನೂ ಇಲ್ಲ, ಹತ್ತಕ್ಕೆ ಪಿಂಚಣಿ

ಬ್ರಿಟನ್ನಿನಲ್ಲಿ ಒಂಬತ್ತು ವರ್ಷ ದುಡಿದು 2022ರಲ್ಲಿ ಧಾರವಾಡಕ್ಕೆ ಮರಳಿದಾಗ, ಅಲ್ಲಿ ಪ್ರತಿ ತಿಂಗಳೂ ಸಂಬಳದಿಂದ ಕಡಿತವಾಗುತ್ತಿದ್ದ ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿಗೆ ಆಧಾರವಾಗುವ ಸರ್ಕಾರಿ ವಿಮೆ) ವಂತಿಗೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿನ ಹೊಸ ಸರ್ಕಾರಿ ಪಿಂಚಣಿ ಪೂರ್ತಿ ಸಿಗಲು ಸಾಮಾನ್ಯವಾಗಿ 35 ವರ್ಷಗಳ ವಂತಿಗೆ ಬೇಕು. 10 ವರ್ಷ ತುಂಬದಿದ್ದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನಿವೃತ್ತ ಶಿಕ್ಷಕರಾದ ಅಪ್ಪ ಸಪ್ತಾಪುರದ ಮನೆಯ ಪಡಸಾಲೆಯಲ್ಲಿ ಕುಳಿತು, ನನ್ನ ಲೆಕ್ಕದ ಹಾಳೆಯ ಮೇಲೆ ಬೆರಳಿಟ್ಟು, “ಒಂದ ವರ್ಷದ ಸಲುವಾಗಿ ಒಂಬತ್ತೂ ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆಗಬಾರ್ದಪಾ” ಎಂದರು.

ವಿದೇಶದಲ್ಲಿ ನೆಲೆಸಿದವರು ಬ್ರಿಟನ್ನಿನ ತೆರಿಗೆ ಇಲಾಖೆಗೆ ಸಿಎಫ್83 ಎಂಬ ಅರ್ಜಿ ಸಲ್ಲಿಸಿ, ಅರ್ಹತೆ ಇದ್ದರೆ, ಸಾಮಾನ್ಯವಾಗಿ ಹಿಂದಿನ 6 ವರ್ಷಗಳವರೆಗಿನ ಖಾಲಿ ವರ್ಷಗಳನ್ನು ಸ್ವಂತ ಹಣದಿಂದ ತುಂಬಬಹುದು. ಹೀಗೆ ಸ್ವಇಚ್ಛೆಯಿಂದ ಕಟ್ಟುವ ಮೂರನೇ ವರ್ಗದ (ಕ್ಲಾಸ್ 3) ವಂತಿಗೆ 2025-26ರಲ್ಲಿ ವಾರಕ್ಕೆ 17.75 ಪೌಂಡ್, ಅಂದರೆ ವರ್ಷಕ್ಕೆ 923 ಪೌಂಡ್. ಅದೇ ಸಾಲಿನ ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡ್ ಇದ್ದುದರಿಂದ, ಹತ್ತು ವರ್ಷ ತುಂಬಿದವರಿಗೆ ಅದರ 35ರಲ್ಲಿ 10 ಪಾಲು, ಸುಮಾರು 66 ಪೌಂಡ್ ಆಗುತ್ತದೆ. ನನ್ನಂಥವರಿಗೆ ಆ ಒಂದು ವರ್ಷದ ಬೆಲೆ ಎಷ್ಟೆಂದು ಇದರಿಂದಲೇ ತಿಳಿಯುತ್ತದೆ.

ಆದರೆ ಭಾರತದಲ್ಲಿ ವಾಸಿಸುವವರಿಗೆ ಈ ಪಿಂಚಣಿ ವರ್ಷವರ್ಷವೂ ಏರುವುದಿಲ್ಲ; ಮೊದಲು ನಿಗದಿಯಾದ ಮೊತ್ತವೇ ಮುಂದೆಯೂ ಬರುತ್ತದೆ. ಜೀವನವಿಡೀ ವಂತಿಗೆ ಕಟ್ಟಿದ ಹಿರಿಯರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಮೂರನೇ ವರ್ಗಕ್ಕಿಂತ ಅಗ್ಗದ ಎರಡನೇ ವರ್ಗದ (ಕ್ಲಾಸ್ 2) ವಂತಿಗೆಯೂ 2026ರ ಏಪ್ರಿಲ್ 6ರ ನಂತರದ ವಿದೇಶವಾಸದ ಅವಧಿಗೆ ಲಭ್ಯವಿಲ್ಲ. ಹಣ ಕಳುಹಿಸುವ ಮೊದಲು ನಿಮ್ಮ ವಂತಿಗೆಯ ದಾಖಲೆಯನ್ನು ತರಿಸಿಕೊಂಡು, ಯಾವ ವರ್ಷ ಖಾಲಿ ಇದೆ ಎಂಬುದನ್ನು ದಯವಿಟ್ಟು ನೋಡಿಕೊಳ್ಳಿ.