ಬಿಳಿ ಟೇಪ್ ಬಿಡಿಸಿದ ಜಗಳ

ಜಗಳ ಶುರುವಾಗಿದ್ದು ನನ್ನ ಬಾಯಿಂದಲೇ. ಹತ್ತು ಪಿನ್ ಬೀಳಿಸುವ ಬೌಲಿಂಗ್ ಆಟದ ಚೆಂಡಿಗೆ ಕೈ ಬಿಡುವಾಗ ಕೊಟ್ಟ ಸ್ಪಿನ್ ಹೋಗ್ತಾ ಹೋಗ್ತಾ ಕಡಿಮೆಯಾಗುತ್ತದೆ ಅಂದೆ. ಬುಗುರಿಯೂ ಕೊನೆಗೆ ಸುಸ್ತಾಗಿಯೇ ಬೀಳುವುದು ಅಲ್ವಾ? ಗೆಳೆಯ ನಕ್ಕ. "ಇಲ್ಲ ಮಾರಾಯ, ಜಾಸ್ತಿಯಾಗುತ್ತೆ" ಅಂದ. ಬಾಯಿಮಾತಲ್ಲಿ ಬಗೆಹರಿಯುವ ವಿಷಯ ಅಲ್ಲ ಅನ್ನಿಸಿ, ಅವನ ಚೆಂಡಿಗೇ ಬಿಳಿ ಟೇಪಿನ ಚೂರೊಂದನ್ನು ಅಂಟಿಸಿದೆವು. ನಾನು ಎಸೆದೆ, ಅವನು ಹಿಂದೆ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆದ.

ಮೊದಲ ಎರಡು ಚೆಂಡು ನೇರ ಗಟರ್‌ಗೆ, ಅಂದರೆ ಪಕ್ಕದ ಕಾಲುವೆಗೆ ಹೋದವು. ಅದನ್ನು ಬಿಡಿ.

ಮೂರನೆಯದರ ವಿಡಿಯೋವನ್ನು ಬೆರಳಲ್ಲಿ ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದೆವು. ಎಸೆಯುವವರು ದಾಟಬಾರದ ಫೌಲ್ ಲೈನಿನಿಂದ ನೆಲದ ಮೇಲಿನ ಬಾಣದ ಗುರುತಿನವರೆಗಿನ ಸುಮಾರು 15 ಅಡಿಯಲ್ಲಿ ಟೇಪ್ ಮೂರು ಸುತ್ತು ಕೂಡ ಹಾಕಿರಲಿಲ್ಲ. ಅದೂ ಮುಂದಕ್ಕಲ್ಲ, ಪಕ್ಕಕ್ಕೆ ವಾಲಿದ ಚಕ್ರದ ಹಾಗೆ ತಿರುಗುತ್ತಿತ್ತು. ಚೆಂಡಿನ ಸುತ್ತಳತೆ ಸುಮಾರು 27 ಇಂಚು. ಸರಿಯಾಗಿ ಉರುಳಿದ್ದರೆ ಅಷ್ಟು ದೂರಕ್ಕೆ ಆರೂವರೆ ಸುತ್ತು ಆಗಬೇಕಿತ್ತು. ಅಂದರೆ ಅದು ಉರುಳುತ್ತಲೇ ಇರಲಿಲ್ಲ, ಜಾರುತ್ತಿತ್ತು!

ಕಾರಣ ಎಣ್ಣೆ. ಚೆಂಡು ಓಡುವ ದಾರಿಯಾದ ಲೇನಿನಲ್ಲಿ, ಫೌಲ್ ಲೈನಿನಿಂದ ಮೊದಲ ಪಿನ್‌ವರೆಗಿನ 60 ಅಡಿಯಲ್ಲಿ ಸಾಮಾನ್ಯವಾಗಿ 40 ಅಡಿಯ ಆಸುಪಾಸಿನವರೆಗೆ ಎಣ್ಣೆ ಹಚ್ಚಿರುತ್ತಾರೆ. ಅಲ್ಲಿ ಚೆಂಡಿಗೆ ನೆಲದ ಹಿಡಿತ ಸಿಗುವುದಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಗಾಡಿ ಜಾರುವ ಹಾಗೆಯೇ. ಎಣ್ಣೆ ಮುಗಿದದ್ದೇ ತಡ, ಒಣ ಹಲಗೆ ಚೆಂಡಿನ ಅಡಿಯನ್ನು ಹಿಡಿದು ಎಳೆಯುತ್ತದೆ. ಪಕ್ಕದ ಸ್ಪಿನ್ ಇರುವುದರಿಂದ ಆ ಎಳೆತವೂ ಸ್ವಲ್ಪ ಪಕ್ಕಕ್ಕೇ ಇರುತ್ತದೆ. ನಾವು 'ಹುಕ್' ಅನ್ನುವ ತಿರುವು ಅದೇ.

ವಿಡಿಯೋದಲ್ಲಿ ನನಗೆ ಹಿಡಿಸಿದ್ದು ಈ ಜಾಗ. ವಾಲಿದ ಚಕ್ರ ನಿಧಾನಕ್ಕೆ ನೆಟ್ಟಗಾಯಿತು. ಟೇಪ್ ಪಕ್ಕದಲ್ಲಿ ಸುತ್ತುವುದು ಬಿಟ್ಟು ಚೆಂಡಿನ ನೆತ್ತಿ ದಾಟಿ ಮುಂದಕ್ಕೆ ಇಳಿಯತೊಡಗಿತು. ಕೊನೆಯ 15 ಅಡಿಯಲ್ಲಿ ಹತ್ತಿರ ಹತ್ತಿರ ಆರು ಸುತ್ತು. ಈ ಹೆಚ್ಚಿನ ಸ್ಪಿನ್ನನ್ನು ಯಾರೂ ಹೊಸದಾಗಿ ಕೊಟ್ಟದ್ದಲ್ಲ. ಚೆಂಡು ತನ್ನ ಓಟದ ವೇಗವನ್ನೇ ಸ್ವಲ್ಪ ಕಳೆದುಕೊಂಡು, ಅದನ್ನು ತಿರುಗುವುದಕ್ಕೆ ಹಾಕಿತ್ತು. ಓಟ ಮತ್ತು ತಿರುಗಾಟ ಎರಡೂ ಹೊಂದಿಕೊಂಡ ಮೇಲೆ ಜಾರುವುದು ನಿಂತಿತು. ಹುಕ್ ಕೂಡ ಅಲ್ಲಿಗೇ ಮುಗಿಯಿತು. ಆಮೇಲೆ ಹೊಸ ದಿಕ್ಕಿನಲ್ಲಿ ನೆಟ್ಟಗೆ ಉರುಳಿತು, ಅಷ್ಟೇ.

ವಾಪಸ್ ಬಂದ ಚೆಂಡನ್ನು ದೀಪದ ಕೆಳಗೆ ಹಿಡಿದರೆ ಇನ್ನೊಂದು ಸಾಕ್ಷಿ. ಎಣ್ಣೆಯ ಗೆರೆ ಒಂದೇ ಇರಲಿಲ್ಲ. ಬಳೆಗಳನ್ನು ಸ್ವಲ್ಪ ಸ್ವಲ್ಪ ಸರಿಸಿಟ್ಟ ಹಾಗೆ ಹಲವು. ಚೆಂಡಿನೊಳಗಿನ ತೂಕದ ತಿರುಳು, ಅಂದರೆ ಕೋರ್‌ನಿಂದಾಗಿ ತಿರುಗುವ ಅಕ್ಷವೇ ದಾರಿಯುದ್ದಕ್ಕೂ ಸರಿಯುತ್ತಿತ್ತು. ಹಾಗಾಗಿ ಪ್ರತಿ ಸುತ್ತಿಗೂ ಎಣ್ಣೆ ಹತ್ತದ ಹೊಸ ಮೈ ನೆಲಕ್ಕೆ ಸಿಗುತ್ತಿತ್ತು. ನಾನು ಆ ಗೆರೆಗಳನ್ನು ಎಣಿಸುತ್ತಾ ಕೂತೆ. ಗೆಳೆಯ ಮಾತ್ರ ಚೆಂಡು ಕಿತ್ತುಕೊಂಡು ಟವೆಲ್‌ನಿಂದ ಒರೆಸಿಬಿಟ್ಟ. ನಾಲ್ಕು ಹೆಜ್ಜೆ ಇಟ್ಟು ಎಸೆದ.

ಒಂಬತ್ತು ಬಿದ್ದವು. ಮೂಲೆಯ ಹತ್ತನೇ ಪಿನ್ ಅಲ್ಲಾಡಿ, ನಿಂತುಕೊಂಡಿತು. ಈ ಸಲ ನಗುವ ಸರದಿ ನನ್ನದು.